ಪೊಟ್ಟಣದ ಮೇಲೊಂದು ಕಪ್ಪು ಮುದ್ರೆ

ಬೊಜ್ಜಿನ ಮಾತೆತ್ತಿದರೆ ಸಾಕು, ನಮ್ಮಲ್ಲಿ ಉಪದೇಶಕ್ಕೆ ಬರವಿಲ್ಲ. ಬಾಯಿ ಕಟ್ಟಬೇಕು, ಬೇಗ ಏಳಬೇಕು, ನಾಲ್ಕು ಹೆಜ್ಜೆ ನಡೆಯಬೇಕು. ಮೈ ಬಂದವರೂ ಇದನ್ನೇ ನಂಬಿ ತಮ್ಮನ್ನು ತಾವೇ ಹಳಿದುಕೊಳ್ಳುತ್ತಾರೆ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ನಮ್ಮ ಅಜ್ಜ ಅಜ್ಜಿಯರಿಗೆ ನಮಗಿಂತ ಹೆಚ್ಚು ಮನೋನಿಗ್ರಹ ಇತ್ತೇ? ನನಗಂತೂ ಹಾಗೆ ಅನಿಸುವುದಿಲ್ಲ. ಅವರ ಶಾಲೆಯ ಗೇಟಿನ ಎದುರು ಐದು ರೂಪಾಯಿಯ ಚಿಪ್ಸ್ ಪೊಟ್ಟಣಗಳ ಸರ ತೂಗಾಡುತ್ತಿರಲಿಲ್ಲ, ಅಷ್ಟೇ. ಹಾಗಾದರೆ ಜನರನ್ನು ಬೈಯುವ ಬದಲು ಅಂಗಡಿ, ಶಾಲೆ, ಬೀದಿಗಳನ್ನೇ ಸರಿಮಾಡಬಹುದಲ್ಲ ಎಂಬ ಯೋಚನೆ ಹಲವು ಸರ್ಕಾರಗಳಿಗೆ ಬಂದಿದೆ. ಈ ವಿಷಯಕ್ಕೆ ಹೊಸಬರಾದವರಿಗೆ ನಾನು ಮೊದಲು ಹೇಳುವುದು ಚಿಲಿ ದೇಶದ ಕಥೆ.

ಚಿಲಿ ಒಂದು ಕಾಲಕ್ಕೆ ಹಸಿವಿನ ಜೊತೆ ಹೋರಾಡಿದ ದೇಶ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಹಾಲಿನ ಪುಡಿ ಹಂಚಿ ಮಕ್ಕಳ ಅಪೌಷ್ಟಿಕತೆಯನ್ನು ಬಗ್ಗುಬಡಿದ ಹೆಮ್ಮೆ ಅದಕ್ಕಿದೆ. ಅದೇ ದೇಶದ 2016–17ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆ ನೋಡಿದರೆ ನೂರು ವಯಸ್ಕರಲ್ಲಿ 74 ಮಂದಿಯ ತೂಕ ಮಿತಿ ಮೀರಿತ್ತು. ವೈದ್ಯರೂ ಸೆನೆಟರೂ ಆಗಿದ್ದ ಗಿಡೊ ಹಿರಾರ್ದಿ 2007ರಲ್ಲೇ ಒಂದು ಮಸೂದೆ ತಂದಿದ್ದರು. ಆಹಾರ ಕಂಪನಿಗಳ ವಿರೋಧದ ನಡುವೆ ಏಗುತ್ತಾ ಅದು ಕಾಯ್ದೆಯಾದದ್ದು 2012ರಲ್ಲಿ, ಜಾರಿಗೆ ಬಂದದ್ದು 2016ರ ಜೂನ್‌ನಲ್ಲಿ.

ಕಾಯ್ದೆ ಏನು ಮಾಡಿತು ಎಂಬುದನ್ನು ಕೊಂಚ ನಿಧಾನವಾಗಿ ನೋಡೋಣ. ಸಕ್ಕರೆ, ಉಪ್ಪು, ಸ್ಯಾಚುರೇಟೆಡ್ ಕೊಬ್ಬು, ಕ್ಯಾಲೊರಿ, ಈ ನಾಲ್ಕಕ್ಕೂ ಒಂದೊಂದು ಮಿತಿ ಗೊತ್ತುಮಾಡಿತು. ಮಿತಿ ದಾಟಿದ ಪೊಟ್ಟಣದ ಮುಂಭಾಗದಲ್ಲೇ ಎಂಟು ಮೂಲೆಯ ಕಪ್ಪು ಮುದ್ರೆ ಇರಬೇಕು. ಅದರೊಳಗೆ ಬಿಳಿ ಅಕ್ಷರದಲ್ಲಿ ‘ಸಕ್ಕರೆ ಹೆಚ್ಚು’, ‘ಉಪ್ಪು ಹೆಚ್ಚು’ ಎಂಬರ್ಥದ ಎರಡೇ ಮಾತು, ಕೆಳಗೆ ಆರೋಗ್ಯ ಸಚಿವಾಲಯದ ಹೆಸರು. ನಾಲ್ಕರಲ್ಲೂ ಮಿತಿ ಮೀರಿದರೆ ನಾಲ್ಕು ಮುದ್ರೆ. ಓದು ಬರದ ಮಗುವೂ ಎಣಿಸಬಹುದು.

ಮಿತಿಯನ್ನು ಒಂದೇ ಏಟಿಗೆ ಬಿಗಿ ಮಾಡಲಿಲ್ಲ. ಘನ ಆಹಾರದಲ್ಲಿ 100 ಗ್ರಾಂಗೆ ಸಕ್ಕರೆ 2016ರಲ್ಲಿ 22.5 ಗ್ರಾಂ, 2018ರಲ್ಲಿ 15, 2019ರಲ್ಲಿ 10. ಅಂದರೆ 20 ಗ್ರಾಂ ಸಕ್ಕರೆಯ ಬಿಸ್ಕತ್ತು ಮೊದಲೆರಡು ವರ್ಷ ಸಕ್ಕರೆಯ ಮುದ್ರೆಯಿಲ್ಲದೆ ಪಾರಾಗುತ್ತದೆ, ಮೂರನೆಯ ವರ್ಷ ಸಿಕ್ಕಿಬೀಳುತ್ತದೆ. ಕಂಪನಿಗೆ ಪಾಕ ಬದಲಿಸಿಕೊಳ್ಳಲು ಸಮಯ ಸಿಕ್ಕಿತು, ಜೊತೆಗೆ ತಪ್ಪಿಸಿಕೊಳ್ಳಲಾಗದು ಎಂಬ ಖಾತ್ರಿಯೂ ಆಯಿತು. ಇನ್ನೊಂದು ಸೂಕ್ಷ್ಮವಿದೆ. ಹೊರಗಿನಿಂದ ಸಕ್ಕರೆ, ಉಪ್ಪು, ಕೊಬ್ಬು ಸೇರಿಸಿದ ಪದಾರ್ಥಕ್ಕೆ ಮಾತ್ರ ಈ ಮುದ್ರೆ. ಏನೂ ಬೆರೆಸದ ಕಡಲೆಬೀಜಕ್ಕೋ ಒಣದ್ರಾಕ್ಷಿಗೋ ಇದರ ಕಾಟವಿಲ್ಲ.

ಮುದ್ರೆ ಬಿದ್ದ ಮೇಲೆ ಉಳಿದ ಬಾಗಿಲುಗಳೂ ಮುಚ್ಚುತ್ತವೆ. ಅಂಥ ಪದಾರ್ಥವನ್ನು ಶಾಲೆಯೊಳಗೆ ಮಾರುವಂತಿಲ್ಲ, 14 ವರ್ಷದೊಳಗಿನವರನ್ನು ಸೆಳೆಯುವ ಜಾಹೀರಾತು ಕೂಡದು, ಜೊತೆಗೆ ಆಟಿಕೆ ಕೊಡುವಂತಿಲ್ಲ. ಕೆಲಾಗ್ಸ್‌ನ ಸಕ್ಕರೆ ಸವರಿದ ಕಾರ್ನ್‌ಫ್ಲೇಕ್ಸ್ ಡಬ್ಬಿಯಿಂದ ಟೋನಿ ಎಂಬ ಹುಲಿ ಮಾಯವಾಯಿತು. ಒಳಗೆ ಗೊಂಬೆ ಇಟ್ಟುಕೊಂಡಿದ್ದ ಕಿಂಡರ್ ಚಾಕೊಲೇಟ್ ಮೊಟ್ಟೆ ಅಂಗಡಿಯಿಂದಲೇ ಕಣ್ಮರೆ. ಕೋರ್ಟು ಕಚೇರಿಯೂ ನಡೆಯಿತು. 2018ರಿಂದ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಟೀವಿಯಲ್ಲಿ ಇಂಥವುಗಳ ಜಾಹೀರಾತೂ ನಿಂತಿತು.

ಫಲ ಸಿಕ್ಕಿತೇ? ಮೊದಲ ಹಂತದ ನಂತರ ಮನೆಗಳಲ್ಲಿ ಸಿಹಿ ಪಾನೀಯದ ಖರೀದಿ ಸುಮಾರು ಶೇಕಡಾ 24ರಷ್ಟು ಇಳಿದದ್ದು ಅಧ್ಯಯನದಲ್ಲಿ ಕಂಡಿತು. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಕಾರ್ಖಾನೆಯೊಳಗೆ ಆದ ಬದಲಾವಣೆ. ಮುದ್ರೆಗೆ ಹೆದರಿ ಎಷ್ಟೋ ಕಂಪನಿಗಳು ಸಕ್ಕರೆ, ಉಪ್ಪು ಇಳಿಸಿದವು. ಲೇಬಲ್ ಓದದೆ ಬುಟ್ಟಿಗೆ ಹಾಕಿಕೊಳ್ಳುವವರಿಗೂ ಅದರ ಲಾಭ ಸಿಕ್ಕಿತು. ಹಾಗೆಂದು ಎಲ್ಲವೂ ಚೆನ್ನಾಗಿ ಆಯಿತು ಎನ್ನಲಾರೆ. ಸಕ್ಕರೆ ತೆಗೆದ ಜಾಗಕ್ಕೆ ಕೃತಕ ಸಿಹಿ ಬಂದು ಕೂತಿತು. ಚಿಲಿಯವರು ತಲೆಗೆ ವರ್ಷಕ್ಕೆ ಹತ್ತಿರಹತ್ತಿರ 90 ಕಿಲೊ ಬ್ರೆಡ್ ತಿನ್ನುವ ಜನ. ಬೇಕರಿಯಲ್ಲಿ ಬಿಸಿಬಿಸಿ ತೂಗಿ ಕೊಡುವ ಬ್ರೆಡ್ಡಿಗೆ ಪೊಟ್ಟಣವೂ ಇಲ್ಲ, ಮುದ್ರೆಯೂ ಇಲ್ಲ. ಮಕ್ಕಳ ತೂಕ ಕಾಯ್ದೆ ಬಂದ ಮರುವರ್ಷವೇ ಇಳಿದುಬಿಡಲಿಲ್ಲ. ಎರಡು ಮೂರು ದಶಕಗಳಲ್ಲಿ ಏರಿದ್ದು ಇಳಿಯಲೂ ಕಾಲ ಬೇಕು.

ಕಾಯ್ದೆಯ ಕೈ ತಲುಪದ ಕಡೆ ಊರು ಕೆಲಸ ಮಾಡಬೇಕಾಗುತ್ತದೆ. ಚಿಲಿಯ ಬಡಾವಣೆಗಳಲ್ಲಿ ನಮ್ಮ ವಾರದ ಸಂತೆಯಂತೆಯೇ ಬೀದಿ ಸಂತೆ ಸೇರುತ್ತದೆ. ಜನ ಹಣ್ಣು ತರಕಾರಿ ಕೊಳ್ಳುವುದು ಬಹುಪಾಲು ಅಲ್ಲೇ. ಸೂಪರ್‌ಮಾರ್ಕೆಟ್ ಬಂದಿತೆಂದು ಸಂತೆಯನ್ನು ಎತ್ತಂಗಡಿ ಮಾಡದಿರುವುದೂ ಆರೋಗ್ಯ ಇಲಾಖೆಯ ಕೆಲಸವೇ ಎಂದು ನಾನು ವಾದಿಸುವೆ. ಸಾಂಟಿಯಾಗೊ ನಗರದಲ್ಲಿ ಭಾನುವಾರ ಬೆಳಗ್ಗೆ ಕೆಲವು ದೊಡ್ಡ ರಸ್ತೆಗಳಲ್ಲಿ ವಾಹನ ನಿಲ್ಲಿಸಿ ಸೈಕಲ್ಲಿಗೆ, ಓಟಕ್ಕೆ, ಮಕ್ಕಳ ಆಟಕ್ಕೆ ಬಿಡುತ್ತಾರೆ. ಜಿಮ್ಮಿಗೆ ಹಣ ಕಟ್ಟಲಾಗದವರಿಗೂ ಅಲ್ಲಿ ಜಾಗವಿದೆ.

ಎಂಟು ಮೂಲೆಯ ಮುದ್ರೆಯನ್ನು ಆಮೇಲೆ ಪೆರು, ಉರುಗ್ವೆ, ಮೆಕ್ಸಿಕೊ, ಅರ್ಜೆಂಟೀನಾಗಳೂ ಹಾಕಿಸಿದವು. ನಮಗೂ ಈ ಪಾಠ ದೂರದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಹೆಂಗಸರು, ಗಂಡಸರು ಇಬ್ಬರಲ್ಲೂ ನೂರಕ್ಕೆ 30ರಷ್ಟು ಮಂದಿ ತೂಕ ಮೀರಿದವರು. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಸಕ್ಕರೆ, ಉಪ್ಪು, ಕೊಬ್ಬು ಅತಿಯಾದ ತಿಂಡಿ ಮಾರಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ನಿಯಮ ಮಾಡಿದೆ. ಆ 50 ಮೀಟರನ್ನು ಟೇಪು ಹಿಡಿದು ಅಳೆಯುವವರು ಯಾರು ಎಂಬುದು ಬೇರೆ ಮಾತು. ಪೊಟ್ಟಣಕ್ಕೆ ನಕ್ಷತ್ರಗಳ ಅಂಕ ಕೊಡುವ ಕರಡು 2022ರಲ್ಲಿ ಬಂತು. ನನಗೆ ನಕ್ಷತ್ರಗಳ ಮೇಲೆ ನಂಬಿಕೆ ಕಡಿಮೆ: ಒಂದಿಷ್ಟು ನಾರಿನಂಶ ಬೆರೆಸಿದರೆ ಸಕ್ಕರೆಯ ದೋಷ ಅಷ್ಟು ಮುಚ್ಚಿಹೋಗುತ್ತದೆ. ಕಪ್ಪು ಮುದ್ರೆಗೆ ಆ ಮುಲಾಜಿಲ್ಲ.

ಮುದ್ರೆ ಇಲ್ಲದ ಕಡೆ ಲೆಕ್ಕ ನಾವೇ ಹಾಕಬಹುದು. ಮನೆಯಲ್ಲಿರುವ ಯಾವುದಾದರೂ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ. ‘ಒಂದು ಸರ್ವಿಂಗ್’ ಎಂಬ ಅಂಕಣ ಬಿಟ್ಟು ‘100 ಗ್ರಾಂಗೆ’ ಎಂಬುದನ್ನು ಹಿಡಿಯಿರಿ. ಪಕ್ಕದಲ್ಲಿ ಚಿಲಿಯ ಕೊನೆಯ ಹಂತದ ಮಿತಿಗಳನ್ನು ಬರೆದುಕೊಳ್ಳಿ: ಕ್ಯಾಲೊರಿ 275, ಸಕ್ಕರೆ 10 ಗ್ರಾಂ, ಸ್ಯಾಚುರೇಟೆಡ್ ಕೊಬ್ಬು 4 ಗ್ರಾಂ, ಸೋಡಿಯಂ 400 ಮಿಲಿಗ್ರಾಂ. ಎಷ್ಟು ಮುದ್ರೆ ಬೀಳುತ್ತವೆ ಎಂದು ಮಕ್ಕಳ ಕೈಯಲ್ಲೇ ಎಣಿಸಿಸಿ.