ಬೆಳೆಗಾರರ ಪಾಠ: ಗಡಿಯ ಬಾಗಿಲು ಮುಚ್ಚಿದರೆ ಸರಕು ಎಲ್ಲಿಗೆ ಹೋಗುತ್ತದೆ?

ಅಡಿಕೆಯ ಧಾರಣೆ ಇಳಿಯಿತೆಂದರೆ ನಮ್ಮ ಸಭೆಗಳಲ್ಲಿ ಮೊದಲು ಕೇಳಿಬರುವ ಮಾತು ‘ಆಮದು ನಿಲ್ಲಿಸಬೇಕು’ ಎಂಬುದು. ಕಾಳುಮೆಣಸಿನ ವಿಷಯದಲ್ಲೂ ಹಾಗೆಯೇ. ಬೇಡಿಕೆ ನ್ಯಾಯವಾದದ್ದೇ. ಆದರೆ ಎರಡು ನೆರೆ ದೇಶಗಳ ನಡುವೆ ವ್ಯಾಪಾರ ನಿಂತಾಗ ನಿಜವಾಗಿ ಏನೇನು ನಡೆಯುತ್ತದೆ, ನಿಂತ ಸರಕು ಯಾವ ದಾರಿ ಹಿಡಿಯುತ್ತದೆ, ಯಾರ ಕೈ ಬರಿದಾಗುತ್ತದೆ ಎಂಬುದನ್ನು ನಾವು ಕುಳಿತು ವಿಚಾರ ಮಾಡಿದ್ದು ಕಡಿಮೆ. ಭಾರತ ಪಾಕಿಸ್ತಾನಗಳ ನಡುವೆ ಇಂಥ ನಿಲುಗಡೆ ಒಂದಲ್ಲ, ಹಲವು ಸಲ ಆಗಿದೆ. ಈ ಸಲದ ಪಾಠಕ್ಕೆ ಅದನ್ನೇ ತೆಗೆದುಕೊಂಡಿದ್ದೇವೆ. ಭದ್ರತೆಯ ಕಾರಣಗಳನ್ನು ತೂಗಿ ನೋಡುವುದು ಇಲ್ಲಿಯ ಉದ್ದೇಶವಲ್ಲ. ಯೋಧರ ಪ್ರಾಣಕ್ಕಿಂತ ವ್ಯಾಪಾರ ದೊಡ್ಡದೆಂದು ಯಾರೂ ಹೇಳಲಾರರು. ಲೆಕ್ಕ ಮಾತ್ರ ನಮಗೆ ತಿಳಿದಿರಬೇಕು.

ಮೊದಲ ಉದಾಹರಣೆ ನಾವು ಅಡಿಕೆ ತುಂಬುವ ಗೋಣಿಯದ್ದು. 1947ರಲ್ಲಿ ದೇಶ ವಿಭಜನೆಯಾದಾಗ ಸೆಣಬು ಬೆಳೆಯುವ ನೆಲದ ಸುಮಾರು ಮುಕ್ಕಾಲು ಪಾಲು ಪೂರ್ವ ಬಂಗಾಳದಲ್ಲಿ, ಅಂದರೆ ಪಾಕಿಸ್ತಾನದಲ್ಲಿ ಉಳಿಯಿತು. ಗೋಣಿ ನೇಯುವ ಗಿರಣಿಗಳೆಲ್ಲ ಕಲ್ಕತ್ತೆಯ ಸುತ್ತ, ಹೂಗ್ಲಿ ನದಿಯ ದಂಡೆಯಲ್ಲಿ ಉಳಿದವು. 1949ರ ಸೆಪ್ಟೆಂಬರಿನಲ್ಲಿ ಭಾರತ ತನ್ನ ರೂಪಾಯಿಯ ಬೆಲೆ ಇಳಿಸಿತು, ಪಾಕಿಸ್ತಾನ ಇಳಿಸಲಿಲ್ಲ. ಅವರ 100 ರೂಪಾಯಿಗೆ ನಮ್ಮ 144 ರೂಪಾಯಿ ಎಂಬ ದರವನ್ನು ಭಾರತ ಒಪ್ಪಲಿಲ್ಲ. ವ್ಯಾಪಾರ ಹೆಚ್ಚುಕಡಿಮೆ ನಿಂತೇಹೋಯಿತು. ಅಲ್ಲಿ ರೈತನ ಸೆಣಬು ಕೊಳ್ಳುವವರಿಲ್ಲದೆ ಬಿದ್ದಿತು, ಇಲ್ಲಿ ಗಿರಣಿಗಳಿಗೆ ನಾರಿಲ್ಲವಾಯಿತು. 1951ರ ಫೆಬ್ರವರಿಯಲ್ಲಿ ಭಾರತ ಆ ದರವನ್ನು ಒಪ್ಪಿ ಒಪ್ಪಂದ ಮಾಡಿಕೊಂಡಿತು.

ಆದರೆ ಅಷ್ಟರಲ್ಲಿ ಎರಡೂ ಕಡೆಯವರು ಬೇರೆ ದಾರಿ ಹಿಡಿದಾಗಿತ್ತು. ಭಾರತ ಪಶ್ಚಿಮ ಬಂಗಾಳ, ಅಸ್ಸಾಂ, ಬಿಹಾರ, ಒರಿಸ್ಸಾಗಳಲ್ಲಿ ಸೆಣಬು ಹಾಕಿಸಿ, ವಿಭಜನೆಯ ನಂತರದ ನಾಲ್ಕೈದು ವರ್ಷಗಳಲ್ಲಿ ಉತ್ಪನ್ನವನ್ನು ಎರಡು ಪಟ್ಟಿಗೂ ಮಿಕ್ಕಿ ಹೆಚ್ಚಿಸಿತು. ಪಾಕಿಸ್ತಾನ ನಾರಾಯಣಗಂಜಿನಲ್ಲಿ ತನ್ನದೇ ಗಿರಣಿ ಕಟ್ಟಿತು. 1951ರಲ್ಲಿ ಶುರುವಾದ ಆದಂಜಿ ಗಿರಣಿ ಅದು. ಬಾಗಿಲು ಮತ್ತೆ ತೆರೆದರೂ ಹಳೆಯ ಗಿರಾಕಿ ಹಳೆಯ ಜಾಗದಲ್ಲಿ ಇರಲಿಲ್ಲ. ಒಂದು ಮಾತು ಗಮನಿಸಬೇಕು. ಸೆಣಬು ನಾಲ್ಕೈದು ತಿಂಗಳ ಬೆಳೆ. ಗಿರಾಕಿ ತಪ್ಪಿದರೆ ರೈತ ಮುಂದಿನ ಮಳೆಗೆ ಭತ್ತ ಹಾಕಿಯಾನು. ಅಡಿಕೆ ಸಸಿ ನೆಟ್ಟವನು ಫಸಲಿಗಾಗಿ ಐದಾರು ವರ್ಷ ಕಾಯಬೇಕು, ಆಮೇಲೆ ಜೀವಮಾನವೆಲ್ಲ ಆ ಮರಕ್ಕೇ ಕಟ್ಟುಬಿದ್ದಿರಬೇಕು.

ಈಗ ಹತ್ತಿರದ ಕಾಲಕ್ಕೆ ಬರೋಣ. ಪತ್ರಿಕೆಗಳಲ್ಲಿ ‘ಪರಮಾಪ್ತ ರಾಷ್ಟ್ರ’ ಎಂಬ ಮಾತನ್ನು ಓದಿರುತ್ತೀರಿ. ಹೆಸರು ಕೇಳಿ ಏನೋ ವಿಶೇಷ ಪ್ರೀತಿಯೆಂದು ತಿಳಿಯಬಾರದು. ಬೇರೆ ದೇಶಗಳ ಸರಕಿಗೆ ಹಾಕುವ ಸುಂಕಕ್ಕಿಂತ ನಿನ್ನ ಸರಕಿಗೆ ಹೆಚ್ಚು ಹಾಕುವುದಿಲ್ಲ ಎಂಬ ಮಾತು ಅದು, ಅಷ್ಟೇ. ಭಾರತ ಇದನ್ನು ಪಾಕಿಸ್ತಾನಕ್ಕೆ 1996ರಲ್ಲಿ ಕೊಟ್ಟಿತು. ಪಾಕಿಸ್ತಾನ ಕೊನೆಗೂ ಕೊಡಲಿಲ್ಲ. 2012ರಲ್ಲಿ ಸಹ, ಭಾರತದಿಂದ ತರಬಾರದ ಸರಕುಗಳೆಂದು 1,209 ಬಾಬುಗಳ ಪಟ್ಟಿ ಇಟ್ಟುಕೊಂಡಿತು. ವಾಘಾ ರಸ್ತೆಯಿಂದ ಬರಬಹುದಾಗಿದ್ದುದು 137 ಬಾಬು ಮಾತ್ರ.

2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ 40 ಮಂದಿ ಹತರಾದರು. ಮಾರನೆಯ ದಿನ ಭಾರತ ಈ ಮಾನ್ಯತೆಯನ್ನು ಹಿಂತೆಗೆದುಕೊಂಡಿತು, ಅದರ ಮಾರನೆಯ ದಿನ ಪಾಕಿಸ್ತಾನದ ಎಲ್ಲ ಸರಕಿಗೂ ನೂರಕ್ಕೆ 200ರಂತೆ ಸುಂಕ ಹಾಕಿತು. ಹೀಗೆಂದರೇನು? ನಮ್ಮ ಮನೆಗಳಲ್ಲಿ ಶುಭಕಾರ್ಯಕ್ಕೆ ತರುವ ಉತ್ತುತ್ತೆ, ಅಂದರೆ ಒಣ ಖರ್ಜೂರ, ಬಹುಪಾಲು ಅಲ್ಲಿಂದಲೇ ಅಟ್ಟಾರಿ ಗಡಿಯ ಮೂಲಕ ಬರುತ್ತಿತ್ತು. ಲೆಕ್ಕಕ್ಕೆಂದು ಕಿಲೋಗೆ 50 ರೂಪಾಯಿಯ ಸರಕು ಎಂದುಕೊಳ್ಳಿ. ಸುಂಕವೇ 100 ರೂಪಾಯಿ. ಗಡಿ ದಾಟಿದಾಗ 150. ನಿಷೇಧವೆಂದು ಯಾರೂ ಹೇಳಲಿಲ್ಲ, ಆದರೆ ಸರಕು ನಿಂತಿತು. 2018-19ರಲ್ಲಿ ಸುಮಾರು 50 ಕೋಟಿ ಡಾಲರಿನಷ್ಟಿದ್ದ ಆಮದು ಮರುವರ್ಷ ಸುಮಾರು 1.4 ಕೋಟಿ ಡಾಲರಿಗೆ ಇಳಿಯಿತು.

ಆ ವರ್ಷ ನಾವು ಅವರಿಗೆ ಮಾರುತ್ತಿದ್ದುದು ಸುಮಾರು 200 ಕೋಟಿ ಡಾಲರಿನ ಸರಕು, ಕೊಂಡದ್ದರ ನಾಲ್ಕು ಪಟ್ಟು. ಜಮ್ಮು ಕಾಶ್ಮೀರದ ವಿಶೇಷ ಸ್ಥಾನವನ್ನು ಭಾರತ ರದ್ದುಮಾಡಿದಾಗ, 2019ರ ಆಗಸ್ಟಿನಲ್ಲಿ ಪಾಕಿಸ್ತಾನ ಆ ಬಾಗಿಲನ್ನೂ ಮುಚ್ಚಿತು. ಸೆಪ್ಟೆಂಬರಿನಲ್ಲಿ ಔಷಧಿಗಳಿಗೆ ಮಾತ್ರ ಬಿಟ್ಟುಕೊಟ್ಟಿತು. ದೇಶದ ಒಟ್ಟು ವ್ಯಾಪಾರದಲ್ಲಿ ಇದು ನೂರಕ್ಕೆ ಅರ್ಧ ರೂಪಾಯಿಯೂ ಅಲ್ಲ. ದಿಲ್ಲಿಗೆ ಅದು ತಿಳಿಯುವುದೂ ಇಲ್ಲ. ಆದರೆ ಅಟ್ಟಾರಿಯಲ್ಲಿ ಮೂಟೆ ಹೊರುತ್ತಿದ್ದ ಸಾವಿರಕ್ಕೂ ಮೇಲ್ಪಟ್ಟ ಹಮಾಲರಿಗೆ, ಲಾರಿಯವರಿಗೆ, ಡಾಬಾ ಇಟ್ಟವರಿಗೆ ಅದೇ ಪೂರ್ತಿ ನೂರು.

ಆಚೆ ಬದಿಯಲ್ಲೂ ಸುಖವಿರಲಿಲ್ಲ. 2019ರ ನವೆಂಬರಿನಲ್ಲಿ ಕರಾಚಿಯಲ್ಲಿ ಟೊಮೆಟೊ ಕಿಲೋಗೆ 300 ರೂಪಾಯಿ ಮುಟ್ಟಿದಾಗ, ಹಣಕಾಸು ಸಲಹೆಗಾರ ಅಬ್ದುಲ್ ಹಫೀಜ್ ಶೇಖ್ ಅವರು ಮಂಡಿಯಲ್ಲಿ 17 ರೂಪಾಯಿಗೆ ಸಿಗುತ್ತಿದೆಯೆಂದು ಹೇಳಿ ನಗೆಪಾಟಲಾದರು. (ಮಂಡಿಯ ಧಾರಣೆ ಮಂಡಿಗೆ ಹೋದವನಿಗೇ ಗೊತ್ತು!) 2021ರ ಮಾರ್ಚ್ 31ರಂದು ಅಲ್ಲಿಯ ಆರ್ಥಿಕ ಸಮಿತಿ ಭಾರತದ ಹತ್ತಿ, ಸಕ್ಕರೆ ತರಿಸಲು ಒಪ್ಪಿತು, ಮಾರನೆಯ ದಿನವೇ ಸಚಿವ ಸಂಪುಟ ಅದನ್ನು ತಡೆಯಿತು. ಗಿರಣಿಯವರ ಅಗತ್ಯ ಒಂದು ದಿನವೂ ನಿಲ್ಲಲಿಲ್ಲ.

ನಮ್ಮ ದೃಷ್ಟಿಯಿಂದ ಹೆಚ್ಚು ಕಲಿಯಬೇಕಾದದ್ದು ಕಾಶ್ಮೀರದ ನಿಯಂತ್ರಣ ರೇಖೆಯ ಮೇಲಿನ ಸಣ್ಣ ವ್ಯಾಪಾರದಿಂದ. ಉರಿ-ಮುಜಫರಾಬಾದ್ ಮತ್ತು ಪೂಂಛ್-ರಾವಲಾಕೋಟ್ ದಾರಿಗಳಲ್ಲಿ 2008ರ ಅಕ್ಟೋಬರ್ 21ರಂದು ಅದು ಶುರುವಾಯಿತು. 21 ಬಾಬು ಸರಕು, ಸುಂಕವಿಲ್ಲ, ಹಣವೂ ಇಲ್ಲ: ನಮ್ಮ ಹಿರಿಯರು ಭತ್ತ ಕೊಟ್ಟು ಉಪ್ಪು ತರುತ್ತಿದ್ದಂತೆ ಸರಕಿಗೆ ಸರಕು. ಕಾಶ್ಮೀರದ ಎರಡೂ ಭಾಗಗಳ ಜನರ ಬೆಳೆ, ಕಸುಬಿನ ವಸ್ತು ಬರಲಿ ಹೋಗಲಿ ಎಂಬುದು ಉದ್ದೇಶ. ಆದರೆ ಸುಂಕವಿಲ್ಲದ ಬಾಗಿಲೆಂದರೆ ದೂರದವರಿಗೂ ಆಸೆ. ಕ್ಯಾಲಿಫೋರ್ನಿಯಾದ ಬಾದಾಮಿ ಈ ದಾರಿಯಲ್ಲಿ ಬರುತ್ತಿದೆ, ಅದರ ಲಾಭ ಉಗ್ರರಿಗೆ ಸಂದಾಯವಾಗುತ್ತಿದೆ ಎಂದು ರಾಷ್ಟ್ರೀಯ ತನಿಖಾ ಸಂಸ್ಥೆ 2016ರಲ್ಲಿ ಪ್ರಕರಣ ದಾಖಲಿಸಿತು. ಆಯುಧ, ಮಾದಕ ವಸ್ತು, ಖೋಟಾ ನೋಟುಗಳೂ ಬರುತ್ತಿವೆಯೆಂಬ ಕಾರಣ ಕೊಟ್ಟು ಸರ್ಕಾರ 2019ರ ಏಪ್ರಿಲ್‌ನಲ್ಲಿ ಇಡೀ ವ್ಯಾಪಾರವನ್ನೇ ನಿಲ್ಲಿಸಿತು. ನೆಟ್ಟಗೆ ವ್ಯಾಪಾರ ಮಾಡಿದವನೂ ಹೋದ, ಕಳ್ಳನೂ ಹೋದ. ಸರಕು ಯಾವ ನೆಲದಲ್ಲಿ ಬೆಳೆದದ್ದು ಎಂದು ತೋರಿಸುವ ಮೂಲದ ಪ್ರಮಾಣಪತ್ರ ಎಷ್ಟು ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ.

ಪಹಲ್ಗಾಮ್‌ನಲ್ಲಿ 26 ಮಂದಿಯ ಹತ್ಯೆಯಾದ ಮೇಲೆ, 2025ರ ಏಪ್ರಿಲ್ 23ರಂದು ಅಟ್ಟಾರಿಯನ್ನು ಮುಚ್ಚಲಾಯಿತು. ಮೇ 2ರಂದು ಪಾಕಿಸ್ತಾನದ ಸರಕನ್ನು ನೇರವಾಗಿಯಾಗಲಿ ಸುತ್ತುದಾರಿಯಿಂದಾಗಲಿ ತರಕೂಡದೆಂಬ ಆಜ್ಞೆ ಬಂತು. ಜೂನಿನಲ್ಲೇ ಕಂದಾಯ ಗುಪ್ತಚರ ಇಲಾಖೆಯವರು ನ್ಹಾವಾ ಶೇವಾ ಬಂದರಿನಲ್ಲಿ 39 ಕಂಟೇನರುಗಳನ್ನು ಹಿಡಿದರು. 1,115 ಟನ್ನು ಸರಕು. ದುಬೈ ಕಡೆಯದೆಂದು ಕಾಗದ, ಬಂದದ್ದು ಪಾಕಿಸ್ತಾನದಿಂದ. ಅದರಲ್ಲಿದ್ದುದು ಅದೇ ಉತ್ತುತ್ತೆ.

ಇಲ್ಲಿಗೆ ನಮ್ಮ ತೋಟದ ವಿಷಯ ತಾನಾಗಿ ಬರುತ್ತದೆ. ಶ್ರೀಲಂಕಾದೊಡನೆ ನಮ್ಮ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಗೆ ಬಂತು. ಅದರಂತೆ ವರ್ಷಕ್ಕೆ 2,500 ಟನ್ನು ಕಾಳುಮೆಣಸು ಸುಂಕವಿಲ್ಲದೆ ಬರಬಹುದು. ದಕ್ಷಿಣ ಏಷ್ಯಾದ ಒಪ್ಪಂದದಡಿ ಶೇಕಡಾ 8ರ ಸುಂಕದಲ್ಲಿ ಇನ್ನಷ್ಟು. ಸಾಮಾನ್ಯ ಸುಂಕ ಶೇಕಡಾ 70. ಈ ಅಂತರ ಕಂಡಮೇಲೆ ವಿಯೆಟ್ನಾಮಿನ ಮೆಣಸು ಲಂಕೆಯ ಹೆಸರು ಹೊತ್ತು ಬರುತ್ತಿದೆಯೆಂಬ ದೂರು ಎದ್ದದ್ದು ಸಹಜ. 2017ರ ಡಿಸೆಂಬರಿನಲ್ಲಿ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಗೊತ್ತುಮಾಡಿತು.

ಅಡಿಕೆಗೆ ಈ ಕನಿಷ್ಠ ಬೆಲೆಯನ್ನು 2023ರ ಫೆಬ್ರವರಿಯಲ್ಲಿ 251ರಿಂದ 351 ರೂಪಾಯಿಗೆ ಏರಿಸಲಾಯಿತು. ಅದರ ಮೇಲೆ ನೂರಕ್ಕೆ ನೂರು ಸುಂಕ ಬಿದ್ದರೆ ನ್ಯಾಯವಾಗಿ ತಂದ ಅಡಿಕೆಗೆ 702 ರೂಪಾಯಿ ತಗಲುತ್ತದೆ. ಹೊರಗೆ 200ಕ್ಕೆ ಸಿಕ್ಕಿತೆಂದು ಲೆಕ್ಕಕ್ಕೆ ಹಿಡಿದರೆ, ಕಳ್ಳದಾರಿಯಲ್ಲಿ ತಂದವನಿಗೆ ಕಿಲೋಗೆ 500 ರೂಪಾಯಿ ಕೈಗೆಟುಕುವಂತಿದೆ. ಮ್ಯಾನ್ಮಾರ್ ಗಡಿಯ ಕಾಡುದಾರಿಯಲ್ಲಿ, ಅಸ್ಸಾಂ, ಮಿಜೋರಾಂ ಕಡೆಯಿಂದ ಅಡಿಕೆ ನುಸುಳುವುದು ಈ ಐನೂರಕ್ಕೇ. ಸುಂಕ ಏರಿದಷ್ಟೂ ಕಳ್ಳನ ಕೂಲಿ ಏರುತ್ತದೆ. ಕಾವಲು ಏರದಿದ್ದರೆ ಬೆಳೆಗಾರನಿಗೆ ದಕ್ಕುವುದು ಕಡಿಮೆ.

2022ರ ಸೆಪ್ಟೆಂಬರಿನಲ್ಲಿ ಭೂತಾನದಿಂದ ವರ್ಷಕ್ಕೆ 17,000 ಟನ್ನು ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಕಟ್ಟಿಲ್ಲದೆ ಜೈಗಾಂವ್ ಠಾಣೆಯ ಮೂಲಕ ತರಲು ಅಪ್ಪಣೆಯಾದಾಗ ನಮ್ಮಲ್ಲಿ ದೊಡ್ಡ ಗದ್ದಲವಾಯಿತು. ಚೀನಾದ ಗಡಿಗೆ ತಾಗಿದ ಭೂತಾನದ ಸ್ನೇಹ ದೇಶಕ್ಕೆ ಬೇಕು, 2017ರ ಡೋಕ್ಲಾಮ್ ಪ್ರಕರಣದ ಮೇಲಂತೂ ಇನ್ನೂ ಬೇಕು. ಅಪ್ಪಣೆಯ ಹಿಂದೆ ಅದೂ ಇದ್ದೀತೆಂದು ನಮ್ಮ ಊಹೆ. ಆದರೆ ಹಸಿ ಕಾಯಿ ಎಂಬುದನ್ನು ಮರೆಯಬಾರದು. ಸುಲಿದು ಬೇಯಿಸಿ ಒಣಗಿಸಿದರೆ ಎಂಟರಲ್ಲೊಂದು ಪಾಲು, ಸುಮಾರು ಎರಡು ಸಾವಿರ ಟನ್ನು ಉಳಿದೀತು. ದೇಶದ ಬೆಳೆ ಹತ್ತು ಲಕ್ಷ ಟನ್ನಿಗೂ ಮೇಲೆ. ನಮ್ಮ ಸಿಟ್ಟು ಕಾಡುದಾರಿಯ ಕಡೆ ತಿರುಗಿದ್ದರೆ ಹೆಚ್ಚು ಫಲವಿತ್ತು.

ಇನ್ನು ಕಾಫಿಯಲ್ಲಿ ನಾವೇ ಬಾಗಿಲಿನ ಆಚೆ ನಿಂತವರು. ದೇಶದ ಕಾಫಿಯ ಮೂರರಲ್ಲಿ ಎರಡು ಪಾಲಿಗೂ ಮಿಕ್ಕಿದ್ದು ಹೊರಗೆ ಹೋಗುತ್ತದೆ. ಅಡಿಕೆಗೆ ಬಾಗಿಲು ಮುಚ್ಚಿ, ಕಾಫಿಗೆ ತೆರೆಯಿರಿ ಎಂದು ಒಂದೇ ಸದಸ್ಯ ಒಂದೇ ಸಭೆಯಲ್ಲಿ ಕೇಳುವುದುಂಟು. ಆದ್ದರಿಂದ ಮುಂದಿನ ಮಹಾಸಭೆಗೆ ಗೊತ್ತುವಳಿ ಬರೆಯುವಾಗ ‘ಆಮದು ನಿಲ್ಲಿಸಿ’ ಎಂಬ ಎರಡೇ ಮಾತು ಸಾಲದು. ಯಾವ ಠಾಣೆಯಿಂದ ಬರುವ ಸರಕು, ಅದರ ಮೂಲದ ಪತ್ರವನ್ನು ಯಾರು ಪರೀಕ್ಷಿಸಬೇಕು, ಹಿಡಿದ ಅಡಿಕೆಯನ್ನು ಮತ್ತೆ ಪೇಟೆಗೇ ಹರಾಜು ಹಾಕಬೇಕೋ ನಾಶಮಾಡಬೇಕೋ, ಈ ಮೂರನ್ನೂ ಬಿಡಿಸಿ ಬರೆದು ತರಬೇಕೆಂದು ಶಾಖೆಗಳನ್ನು ಕೋರುತ್ತೇವೆ.