ವಾರ್ಡ್ ಬಿಟ್ಟರೂ ವೃತ್ತಿ ಬಿಡಬೇಡಿ

ಬೆಳಿಗ್ಗೆ ಎಂಟೂವರೆಗೆ ಬೆಂಗಳೂರಿನ ನಾಗರಬಾವಿ ಸರ್ಕಲ್‌ನಲ್ಲಿ ನಿಂತರೆ, ನೈಟ್ ಡ್ಯೂಟಿ ಮುಗಿಸಿ ಪೀಜಿಗೆ ಮರಳುವ ನರ್ಸ್‌ಗಳೂ ಪೋಸ್ಟಿಂಗ್‌ಗೆ ಹೊರಟ ನರ್ಸಿಂಗ್ ವಿದ್ಯಾರ್ಥಿನಿಯರೂ ಎದುರಾಗುತ್ತಾರೆ. ಕ್ಯಾನುಲಾ ಹಾಕುವುದನ್ನು ಕಾಲೇಜು ಕಲಿಸುತ್ತದೆ. ಸೀನಿಯರ್ ಕಾಟ ಎದುರಿಸುವುದನ್ನು ಕಲಿಸುವವರಿಲ್ಲ. ಎಷ್ಟೋ ಹುಡುಗಿಯರು ಮೊದಲ ವರ್ಷದಲ್ಲೇ ಕೆಲಸ ಬಿಡುವ ಯೋಚನೆಗೆ ಬೀಳುವುದು ರೋಗಿಗಳಿಗೆ ಹೆದರಿ ಅಲ್ಲ, ಜೊತೆಯವರಿಗೆ ಹೆದರಿ.

1. ಗದರಿಕೆ ಬೇರೆ, ಕಾಟ ಬೇರೆ. ಎಮರ್ಜೆನ್ಸಿಯಲ್ಲಿ ಇನ್‌ಚಾರ್ಜ್ ಸಿಸ್ಟರ್ ಕೂಗಾಡಿದರೆ ಅದು ಆ ಹೊತ್ತಿನ ಬಿಸಿ. ಸಂಜೆ ಅವರೇ ಕಾಫಿ ಕುಡಿಸುತ್ತಾರೆ. ರೋಗಿಗಳೆದುರು ದಿನಾ ಹೀಯಾಳಿಸುವುದು, ತಿಂಗಳುಗಟ್ಟಲೆ ನಿಮಗೊಬ್ಬರಿಗೇ ನೈಟ್ ಹಾಕುವುದು, ನೀವು ಬಂದೊಡನೆ ಎಲ್ಲರೂ ಮಾತು ನಿಲ್ಲಿಸುವುದು ಕಾಟ. ನರ್ಸ್‌ಗಳು ತಮ್ಮ ಕಿರಿಯರನ್ನೇ ತಿಂದುಹಾಕುತ್ತಿದ್ದಾರೆಯೇ ಎಂದು ಅಮೆರಿಕದ ಜುಡಿತ್ ಮೈಸ್ನರ್ 1986ರಲ್ಲೇ ಕೇಳಿದ್ದರು. ನಿಮ್ಮೊಬ್ಬರ ಹಣೆಬರಹವೇನೂ ಅಲ್ಲ ಇದು.

2. ಹ್ಯಾಂಡೋವರ್‌ನಲ್ಲಿ ಬಾಯಿಮಾತು ನಂಬಬೇಡಿ. ಕಾಟ ಕೊಡುವವರಿಗೆ ಸಿಗುವ ಸುಲಭದ ಆಯುಧ, ಹೇಳಬೇಕಾದ್ದನ್ನು ಹೇಳದಿರುವುದು. ಮೂರನೇ ಬೆಡ್‌ನ ಪೊಟ್ಯಾಸಿಯಂ 2.8 ಎಂದು ಲ್ಯಾಬ್‌ನಿಂದ ಫೋನ್ ಬಂದಿರುತ್ತದೆ, ನಿಮಗೆ ತಿಳಿಸಿರುವುದಿಲ್ಲ. ರೌಂಡ್ಸ್‌ನಲ್ಲಿ ಡಾಕ್ಟರ್ ಕೇಳಿದಾಗ “ಅವಳಿಗೆ ಹೇಳಿದ್ನಲ್ಲ ಸಾರ್” ಅಂದುಬಿಡುತ್ತಾರೆ. ಬೆಡ್ ಪಕ್ಕದಲ್ಲೇ ನಿಂತು ಹ್ಯಾಂಡೋವರ್ ತೆಗೆದುಕೊಳ್ಳಿ. ಕೇಳಿದ್ದನ್ನು ಗಟ್ಟಿಯಾಗಿ ತಿರುಗಿ ಹೇಳಿ, “ಪೆಂಡಿಂಗ್ ರಿಪೋರ್ಟ್ ಯಾವುದಾದ್ರೂ ಇದೆಯಾ ಸಿಸ್ಟರ್?” ಎಂದು ಕೇಳಿ. ಸಮಯ ಹಾಕಿ ಬರೆದುಕೊಂಡು ಇಬ್ಬರೂ ಸಹಿ ಮಾಡಿ. ಕಾಟದ ಘಟನೆಗಳಿಗೆ ಬೇರೆ ಡೈರಿ ಇರಲಿ: ದಿನ, ಗಂಟೆ, ಆಡಿದ ಮಾತು, ಪಕ್ಕದಲ್ಲಿದ್ದವರು. ರೋಗಿಯ ಹೆಸರು ಮಾತ್ರ ಅದರಲ್ಲಿ ಬೇಡ.

3. ಸಿಹಿ ಮಾತಿಗೂ ಲೆಕ್ಕ ಇಡಿ. “ನೀನು ನಮ್ಮನೆ ಮಗಳಿದ್ದ ಹಾಗೆ ಕಣಮ್ಮಾ, ಇವತ್ತೊಂದಿನ ಡಬಲ್ ಡ್ಯೂಟಿ ಮಾಡು.” ಆ ಒಂದು ದಿನ ಪ್ರತಿ ವಾರ ಬರುತ್ತದೆ. “ಮಾಡ್ತೀನಿ ಮ್ಯಾಮ್, ಕಾಂಪ್ ಆಫ್ ಯಾವತ್ತು ಅಂತ ರೋಸ್ಟರ್‌ನಲ್ಲಿ ಈಗ್ಲೇ ಹಾಕ್ಬಿಡಿ” ಅನ್ನಿ. ಇಲ್ಲೊಂದು ಮಾತು ಹೇಳಲೇಬೇಕು: ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಜನರಲ್ ವಾರ್ಡ್‌ನಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು, ಬೋಧನಾ ಆಸ್ಪತ್ರೆಯಲ್ಲಾದರೆ ಮೂವರಿಗೆ ಒಬ್ಬರು. ಹದಿನೈದು ಬೆಡ್‌ಗೆ ಒಬ್ಬಳನ್ನು ನಿಲ್ಲಿಸುವ ಕಡೆ ಇನ್‌ಚಾರ್ಜ್ ಕೂಡ ಮೇಲಿನವರಿಂದ ಬೈಸಿಕೊಂಡೇ ಬಂದಿರುತ್ತಾರೆ. ಕಾಟದ ಬೇರು ಅರ್ಧ ಅಲ್ಲಿದೆ.

4. ಒಂಟಿಯಾಗಬೇಡಿ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರ ಸಂಜೆ ಅದೇ ಆಸ್ಪತ್ರೆಯ ಸ್ವೀಪರ್ ಒಬ್ಬ ನಾಯಿಯ ಸರಪಳಿಯಿಂದ ಅವರ ಕತ್ತು ಬಿಗಿದು ದಾಳಿ ಮಾಡಿದ. ಮರುದಿನ ಬೆಳಿಗ್ಗೆಯವರೆಗೆ ಯಾರಿಗೂ ಗೊತ್ತಾಗಲಿಲ್ಲ. ಆಕೆ ಮತ್ತೆಂದೂ ಹಾಸಿಗೆಯಿಂದ ಏಳಲಿಲ್ಲ. ಮುಂಬೈಯ ನರ್ಸ್‌ಗಳು ಮುಷ್ಕರ ಹೂಡಿದರು. ಮುಂದೆ ಪಾಲಿಕೆ ಆಕೆಯನ್ನು ಬೇರೆಡೆ ಸಾಗಿಸಲು ಹೊರಟಾಗಲೂ ಕೆಇಎಂ ನರ್ಸ್‌ಗಳು ಅಡ್ಡ ನಿಂತರು. 2015ರ ಮೇ 18ರಂದು ಆಕೆ ತೀರಿಕೊಳ್ಳುವವರೆಗೆ, ಆಕೆ ಎದ್ದು ಓಡಾಡಿದ್ದನ್ನು ಎಂದೂ ನೋಡಿರದ ತಲೆಮಾರಿನ ಹುಡುಗಿಯರೂ ಊಟ ಮಾಡಿಸಿ, ಮೈ ಒರೆಸಿ ನೋಡಿಕೊಂಡರು. ಕಿರಿಯರನ್ನು ತಿನ್ನುತ್ತಾರೆಂದು ಹೆಸರಾದ ವೃತ್ತಿಯೇ ಇದೂ. ನಿಮ್ಮ ವಾರ್ಡ್‌ನಲ್ಲೂ ಅಂಥ ಒಬ್ಬ ಅಕ್ಕ ಇರುತ್ತಾರೆ, ಹುಡುಕಿಕೊಳ್ಳಿ. ಯಾರಾದರೂ ಬೆದರಿಸಿದರೆ ಅವತ್ತೇ ಅವರ ಕಿವಿಗೆ ಹಾಕಿ, ಮರುದಿನಕ್ಕೆ ಇಡಬೇಡಿ.

5. ದೂರು ಎಲ್ಲಿಗೆ ಎಂದು ಮೊದಲೇ ತಿಳಿದಿರಿ. ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಿದೆ: ಹತ್ತು ಅಥವಾ ಹೆಚ್ಚು ಸಿಬ್ಬಂದಿ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ರೋಗಿಯ ಕಡೆಯವರು ಕೈ ಮಾಡಿದರೆ ರಾಜ್ಯದ 2009ರ ಕಾಯ್ದೆ ವೈದ್ಯರಿಗಷ್ಟೇ ಅಲ್ಲ, ನರ್ಸ್‌ಗಳಿಗೂ ಅನ್ವಯಿಸುತ್ತದೆ. ಸೀನಿಯರ್‌ಗಳ ದಿನನಿತ್ಯದ ಕಾಟ ಈ ಎರಡರಲ್ಲೂ ಬರುವುದಿಲ್ಲ, ಅದೇ ತೊಡಕು. ಆಗ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೂ ಎಚ್‌ಆರ್‌ಗೂ ಬರೆದು ಕೊಡಿ. ಎನ್‌ಎಬಿಎಚ್ ಮಾನ್ಯತೆ ಬೇಕೆನ್ನುವ ಆಸ್ಪತ್ರೆ ಸಿಬ್ಬಂದಿಯ ಕುಂದುಕೊರತೆಗೆ ಲಿಖಿತ ವ್ಯವಸ್ಥೆ ಇಟ್ಟಿರಬೇಕು. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ, ಸಂಖ್ಯೆ 15100. ನಾಗರಬಾವಿಯವರಿಗಂತೂ ನ್ಯಾಷನಲ್ ಲಾ ಸ್ಕೂಲ್ ಪಕ್ಕದಲ್ಲೇ ಇದೆ, ಅಲ್ಲಿ ವಿದ್ಯಾರ್ಥಿಗಳು ನಡೆಸುವ ಕಾನೂನು ನೆರವು ಕ್ಲಿನಿಕ್ಕೂ ಇದೆ.

6. ನೈಟ್ ಡ್ಯೂಟಿ ಮುಗಿಸಿದ ಬೆಳಿಗ್ಗೆ ರಾಜೀನಾಮೆ ಬರೆಯಬೇಡಿ. ನಿದ್ದೆ ಮಾಡಿ ಎದ್ದು ಕೇಳಿಕೊಳ್ಳಿ: ಬೇಸರ ಬಂದಿರುವುದು ರೋಗಿಗಳ ಮೇಲೋ, ಆ ಒಬ್ಬ ಮೇಡಂ ಮೇಲೋ? ಎರಡನೆಯದಾದರೆ ಡಯಾಲಿಸಿಸ್, ಓಟಿ, ಹೊರರೋಗಿ ವಿಭಾಗಕ್ಕೆ ವರ್ಗ ಕೇಳಿ. ಆಗಲಿಲ್ಲವೋ, ಬೇರೆ ಆಸ್ಪತ್ರೆ ನೋಡಿ. ನಿದ್ದೆಯೇ ಹತ್ತುತ್ತಿಲ್ಲ, ಡ್ಯೂಟಿ ನೆನೆದರೆ ಎದೆ ಹೊಡೆದುಕೊಳ್ಳುತ್ತದೆ ಎಂದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

7. ಒರಿಜಿನಲ್ ಸರ್ಟಿಫಿಕೇಟ್ ಯಾರ ಕೈಗೂ ಒಪ್ಪಿಸಬೇಡಿ. ಕೆಲಸಕ್ಕೆ ಸೇರುವಾಗ ತೋರಿಸಿ, ಜೆರಾಕ್ಸ್ ಕೊಟ್ಟು ವಾಪಸ್ ತೆಗೆದುಕೊಳ್ಳಿ. ಕಾಟ ಸಹಿಸಿಕೊಂಡು ಅಲ್ಲೇ ಉಳಿಯುವವರಲ್ಲಿ ಕೆಲವರ ಮಾರ್ಕ್ಸ್ ಕಾರ್ಡ್ ಆಫೀಸಿನ ಬೀರುವಿನಲ್ಲಿ ಸಿಕ್ಕಿಕೊಂಡಿರುತ್ತದೆ. ಈಗಾಗಲೇ ಕೊಟ್ಟಿದ್ದರೆ ಪತ್ರ ಬರೆದು ವಾಪಸ್ ಕೇಳಿ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ.