ಉದ್ದ ಖಡ್ಗಕ್ಕೆ ಹದ ಕೊಡುವ ಬಗೆ

ರೋಣ, ನರಗುಂದ, ಗಜೇಂದ್ರಗಡದ ಕಡೆ ಕಮ್ಮಾರರ ಕುಲುಮೆ ಕುಡಗೋಲು, ಕೊಡಲಿಗೆ ತಕ್ಕದ್ದು; ವೀರಭದ್ರನ ಭಕ್ತರಾದ ಪುರವಂತರ ಖಡ್ಗದಂಥ ಉದ್ದ ಅಲಗಿಗೆ ಸಾಲದು. ಗಾಳಿ ತಾಗಿದಲ್ಲಿ ಮಾತ್ರ ಕೆಂಪಾದ ಅಲಗು ಒಂದೆಡೆ ಗಡಸಾಗಿ, ಇನ್ನೊಂದೆಡೆ ಮೆತ್ತಗೇ ಉಳಿಯುತ್ತದೆ.

ಸುಲಭ ದಾರಿಯೆಂದರೆ ನೆಲದಲ್ಲಿ ತೋಡಿದ ಕಾಲುವೆಯಂಥ ಒಲೆ: ಅಲಗಿಗಿಂತ ಗೇಣುದ್ದ ಹೆಚ್ಚಿನ ಗುಂಡಿ, ತಳದಲ್ಲಿ ಸಾಲು ತೂತಿನ ಕಬ್ಬಿಣದ ಕೊಳವೆ, ಬ್ಲೋವರ್, ಮೇಲೆ ಇದ್ದಿಲು. ಅಲಗನ್ನು ಹಿಂದೆ ಮುಂದೆ ಆಡಿಸುತ್ತಿದ್ದರೆ ಕಾವು ಸಮನಾಗುತ್ತದೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದ ಉಕ್ಕಿಗೆ ಅಯಸ್ಕಾಂತ ಅಂಟದು. ಅಲಗಿಗೆ ಬಳಸುವ ಲಾರಿ ಪಾಟಾದ (ಲೀಫ್ ಸ್ಪ್ರಿಂಗ್) ಉಕ್ಕಿಗೆ ಇನ್ನೂ ತುಸು ಹೆಚ್ಚು, 850ರ ಆಸುಪಾಸು ಬೇಕು. ಬಣ್ಣ ನೋಡಲು ಮುಸ್ಸಂಜೆಯೇ ಮೇಲು. ಬಯಲುಸೀಮೆಯ ಬಿಸಿಲು ಕಣ್ಣಿಗೆ ಮೋಸ ಮಾಡುತ್ತದೆ. (ಖಡ್ಗ ತಯಾರಿಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಒಲೆ ತೋಡುವ ಮೊದಲೇ ಜಿಲ್ಲಾಡಳಿತದಲ್ಲಿ ಪರವಾನಗಿ ವಿಚಾರಿಸುವುದು ಜಾಣತನ.)

ಪಾಟಾದ ಉಕ್ಕನ್ನು ನೀರಿಗೆ ಅದ್ದಿದರೆ ಬಿರುಕು ಬಿಡಬಹುದು. ನಿಲ್ಲಿಸಿದ ಕೊಳವೆಯಲ್ಲಿ 50–60 ಡಿಗ್ರಿಗೆ ಕಾಯಿಸಿದ ಎಣ್ಣೆ ತುಂಬಿ, ಅಲಗನ್ನು ನೆಟ್ಟಗೆ ಇಳಿಸಬೇಕು, ಓರೆಯಾದರೆ ಬಾಗುತ್ತದೆ. ಎಣ್ಣೆ ಭಗ್ಗೆಂದರೆ ಮುಚ್ಚಲು ತಗಡು ಪಕ್ಕದಲ್ಲೇ ಇರಲಿ. ತಣಿದ ಅಲಗು ಗಾಜಿನಂತೆ ಪೆಡಸು. ತಡಮಾಡದೆ ಉಜ್ಜಿ ಹೊಳಪಿಸಿ, ಕಾದ ಮರಳಿನಲ್ಲಿಟ್ಟು, ಮೈ ನೀಲಿಗೆ ತಿರುಗುವತನಕ, ಅಂದರೆ ಸುಮಾರು 300 ಡಿಗ್ರಿಯವರೆಗೆ, ಮತ್ತೆ ಕಾಯಿಸಬೇಕು.